ಇನ್ನೂ ಏನೂ ಆಗದೆ ಇರುವ ಒಂದು ವರ್ಷ

ಬೆಂಗಳೂರಿನಲ್ಲಿ ಈಗ ಶನಿವಾರ ಬೆಳಿಗ್ಗೆ ದುಡ್ಡು ಕೊಟ್ಟರೆ ಯಾವ ಕಲೆ ಬೇಕಾದರೂ ಎರಡು ಗಂಟೆ ಕಲಿಯಬಹುದು. ಕೋರಮಂಗಲದಲ್ಲಿ ಕುಂಬಾರಿಕೆ, ಇಂದಿರಾನಗರದಲ್ಲಿ ಬ್ಲಾಕ್ ಪ್ರಿಂಟಿಂಗು, ಜಯನಗರದಲ್ಲಿ ಕ್ಯಾಲಿಗ್ರಫಿ. ಏಪ್ರನ್ ಅವರೇ ಕೊಡ್ತಾರೆ, ಫೋಟೋನೂ ಅವರೇ ತೆಗೀತಾರೆ, ಕೊನೆಗೊಂದು ಕಾಫಿ. ನಮ್ಮ ಟೀಮಿನಲ್ಲೇ ಒಬ್ಬರು ಎರಡು ವರ್ಷದಲ್ಲಿ ಹದಿಮೂರು ಇಂಥ ವರ್ಕ್‌ಶಾಪ್ ಮುಗಿಸಿದ್ದಾರೆ. ಅವರ ಡೆಸ್ಕಿನ ಮೇಲೆ ಒಂದು ಸೊಟ್ಟ ಮಗ್ಗು, ಒಂದು ಮ್ಯಾಕ್ರಮೆ ಗೂಬೆ, ಅರ್ಧ ಹೆಣೆದ ಒಂದು ಟೋಪಿ ಇವೆ. ಯಾವುದಕ್ಕೂ ಎರಡನೇ ಸಲ ಹೋಗಿಲ್ಲ. ಅವರ ಶನಿವಾರ, ಅವರ ಸಂಬಳ, ಕೇಳೋಕೆ ನಾನ್ಯಾರು? ಟೋಪಿ ಚೆನ್ನಾಗೇ ಇದೆ.

ಆದರೂ ಒಂದು ಪ್ರಶ್ನೆ ಉಳಿಯುತ್ತೆ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡಿ ನೋಡುವುದು ಕುತೂಹಲವೋ, ತಪ್ಪಿಸಿಕೊಳ್ಳುವ ಒಂದು ಉಪಾಯವೋ? ಡೆನ್ಮಾರ್ಕಿನ ಕೀರ್ಕೆಗಾರ್ಡ್ 1843ರಲ್ಲಿ ಬರೆದ 'ಐದರ್/ಆರ್' ಪುಸ್ತಕದಲ್ಲಿ ಒಬ್ಬ ರಸಿಕ ಬರ್ತಾನೆ. ಬೇಸರವೇ ಎಲ್ಲ ಕೇಡಿಗೂ ಮೂಲ ಅನ್ನೋದು ಅವನ ವಾದ, ಅದಕ್ಕೆ ಅವನು ಸೂಚಿಸುವ ಮದ್ದು ಬೆಳೆ ಬದಲಿಸುವುದು. ಅದರಲ್ಲೂ ಎರಡು ವಿಧ. ಹೊಲದಿಂದ ಹೊಲಕ್ಕೆ ಹಾರುತ್ತಾ ಹೋಗುವುದು ಒಂದು. ಅದು ಒರಟರ ದಾರಿ, ಮುಗಿಯೋದೇ ಇಲ್ಲ ಅಂತಾನೆ. ಇರುವ ತುಂಡು ನೆಲದಲ್ಲೇ ಉಳುವ ರೀತಿ ಬದಲಿಸುವುದು ಇನ್ನೊಂದು. ಮಜಾ ಏನಂದ್ರೆ, ಕೀರ್ಕೆಗಾರ್ಡ್ ಈ ರಸಿಕನನ್ನು ಮೆಚ್ಚಿ ಬರೆದಿದ್ದಲ್ಲ. ಇಂಥವನು ಎಷ್ಟು ಬುದ್ಧಿವಂತನಾದರೂ ಯಾವುದಕ್ಕೂ ತನ್ನನ್ನು ಕೊಟ್ಟುಕೊಳ್ಳಲಾರ ಅಂತ ತೋರಿಸೋಕೆ ಬರೆದದ್ದು.

ಇದೆಲ್ಲ ನನ್ನ ತಲೆಗೆ ಹೊಕ್ಕಿದ್ದು ಡಿಸೈನ್ ಓದುತ್ತಿರುವ ನನ್ನ ತಂಗಿಯಿಂದ. ಚಿಕ್ಕಪ್ಪನ ಮಗಳು, ಬೆಂಗಳೂರಿನ ಒಂದು ಕಾಲೇಜಿನಲ್ಲಿ ಮೊದಲ ವರ್ಷ. ಈ ಮೊದಲ ವರ್ಷಕ್ಕೆ ಅಲ್ಲಿ ಫೌಂಡೇಶನ್ ಅಂತಾರೆ. ಈ ವರ್ಷ ಅವರು ಯಾರೂ ಏನೂ ಅಲ್ಲ. ಗ್ರಾಫಿಕ್ ಡಿಸೈನರ್ ಅಲ್ಲ, ಜವಳಿಯವರಲ್ಲ, ಸಿನಿಮಾದವರಲ್ಲ. ಎರಡು ಮೂರು ವಾರಕ್ಕೊಂದು ವಿಷಯ ಬದಲಾಗುತ್ತೆ: ಚಿತ್ರ, ಬಣ್ಣ, ಅಕ್ಷರ, ಜೇಡಿಮಣ್ಣು, ಮರ, ತಂತಿ, ಮಗ್ಗ, ಫೋಟೋಗ್ರಫಿ. ವರ್ಷದ ಕೊನೆಗೆ ಒಂದು ಫಾರ್ಮ್ ತುಂಬಿ, ಮುಂದಿನ ಮೂರು ವರ್ಷಕ್ಕೆ ಯಾವುದು ಅಂತ ಹೇಳಬೇಕು.

ಈ ಪದ್ಧತಿ ಎಲ್ಲಿಂದ ಬಂತು ಅಂತ ಗೊತ್ತಿದ್ದರೆ ಅದರ ಹಿಂದಿನ ಆಸೆಯೂ ಗೊತ್ತಾಗುತ್ತೆ. ಮೊದಲ ಮಹಾಯುದ್ಧ ಮುಗಿದ ಮರುವರ್ಷ, 1919ರಲ್ಲಿ, ಜರ್ಮನಿಯ ವೈಮಾರ್ ಊರಲ್ಲಿ ವಾಲ್ಟರ್ ಗ್ರೋಪಿಯಸ್ ಬೌಹೌಸ್ ಶಾಲೆ ಶುರು ಮಾಡಿದರು. ಅಲ್ಲಿ ಯೋಹಾನೆಸ್ ಇಟ್ಟೆನ್ ರೂಪಿಸಿದ್ದು ಆರು ತಿಂಗಳ ಪೂರ್ವಭಾವಿ ಕೋರ್ಸು. ಅದನ್ನು ದಾಟದೆ ಯಾರನ್ನೂ ಮಗ್ಗಕ್ಕಾಗಲಿ ಲೋಹದ ಕೆಲಸಕ್ಕಾಗಲಿ ಬಿಡುತ್ತಿರಲಿಲ್ಲ. ಒರಟು-ನಯ, ಬೆಳಕು-ಕತ್ತಲೆ, ಗಟ್ಟಿ-ಮೆದು, ಇಂಥ ವೈರುಧ್ಯಗಳನ್ನು ಕೈಯಿಂದ ಮುಟ್ಟಿ ಮುಟ್ಟಿ ಅಭ್ಯಾಸ. ಇಟ್ಟೆನ್ ಸ್ವಲ್ಪ ಸ್ವಾಮೀಜಿ ಥರದ ಮನುಷ್ಯ. ತಲೆ ಬೋಳಿಸಿಕೊಂಡಿದ್ದರು, ಕ್ಲಾಸಿಗೆ ಮೊದಲು ಉಸಿರಾಟದ ವ್ಯಾಯಾಮ ಮಾಡಿಸುತ್ತಿದ್ದರು. 1923ರಲ್ಲಿ ಅವರು ಹೋದ ಮೇಲೆ ಮೊಹೊಯ್-ನಾಜ್ ಮತ್ತು ಯೋಸೆಫ್ ಆಲ್ಬರ್ಸ್ ಕೈಗೆ ಕೋರ್ಸು ಬಂತು. ಆಲ್ಬರ್ಸ್ ತಮ್ಮ ವಿದ್ಯಾರ್ಥಿಗಳ ಮುಂದೆ ಹಳೇ ನ್ಯೂಸ್‌ಪೇಪರ್ ಹಾಕಿ, ಇದರಿಂದ ಏನಾದರೂ ಮಾಡಿ, ಚೂರೂ ವ್ಯರ್ಥ ಆಗಬಾರದು ಅಂತ ಹೇಳಿ ಹೊರಗೆ ಹೋಗುತ್ತಿದ್ದರಂತೆ. ದೋಣಿ, ಕೋಟೆ, ವಿಮಾನ ಮಾಡಿದವರಿಗೆ ಮೆಚ್ಚುಗೆ ಸಿಗಲಿಲ್ಲ. ಹಾಳೆಯನ್ನು ಸುಮ್ಮನೆ ಉದ್ದಕ್ಕೆ ಮಡಿಸಿ ನಿಲ್ಲಿಸಿದವನಿಗೆ ಸಿಕ್ಕಿತು. ಮಲಗಿರುವುದೇ ಸ್ವಭಾವವಾದ ಕಾಗದ ಎದ್ದು ನಿಂತಿತ್ತಲ್ಲ, ಅದಕ್ಕೆ.

ನಮಗೂ ಇದಕ್ಕೂ ನಂಟು ಹಳೆಯದು. 1922ರ ಡಿಸೆಂಬರಿನಲ್ಲೇ ಬೌಹೌಸಿನವರ ಚಿತ್ರಗಳು ಕಲ್ಕತ್ತಾಗೆ ಬಂದು ಪ್ರದರ್ಶನವಾಗಿದ್ದವು. ಆಮೇಲೆ 1958ರಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಭಾರತ ಸರ್ಕಾರಕ್ಕೊಂದು ವರದಿ ಕೊಟ್ಟರು. ಅದರಲ್ಲಿ ಅವರು ಮನಸೋತು ಬರೆದದ್ದು ನಮ್ಮ ನಿಮ್ಮ ಮನೆಯ ಬಚ್ಚಲಲ್ಲಿರುವ ಚೊಂಬಿನ ಬಗ್ಗೆ. ಆ ವರದಿಯ ಬೆನ್ನಿಗೇ 1961ರಲ್ಲಿ ಅಹಮದಾಬಾದಿನಲ್ಲಿ ಎನ್‌ಐಡಿ ಶುರುವಾಯಿತು. ಈಗ ಊರೂರಲ್ಲಿ ಇರುವ ಡಿಸೈನ್ ಕಾಲೇಜುಗಳ ಮೊದಲ ವರ್ಷಕ್ಕೆ ಈ ವಂಶಾವಳಿ ಇದೆ, ಅಲ್ಲಿನ ಪ್ರಾಸ್ಪೆಕ್ಟಸ್ ಹೇಳಲಿ ಬಿಡಲಿ.

ಮೂರು ತಿಂಗಳ ಕೆಳಗೆ ಚಿಕ್ಕಪ್ಪ ಫೋನ್ ಮಾಡಿದರು. ಅವರದು ತಿಪಟೂರಲ್ಲಿ ಕೊಬ್ಬರಿ ವ್ಯಾಪಾರ. ಮಗಳ ಫೀಸಿಗೆ ಬ್ಯಾಂಕ್ ಸಾಲ ಮಾಡಿದ್ದಾರೆ, ಮನೆ ಪತ್ರ ಇಟ್ಟು. "ಅಲ್ಲ ಕಣೋ, ಹೋದ ತಿಂಗಳು ಕಾಗದ ಹರೀತಿದ್ಲು. ಈ ತಿಂಗಳು ಮಣ್ಣು ಕಲಸ್ತಾವ್ಳೆ. ಮುಂದಿನ ತಿಂಗಳು ಇನ್ನೇನೋ. ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು ಅಂತಾರೆ. ನೀನು ಕಂಪನೀಲಿ ಇದೀಯ, ಅದೇನೋ ಯುಎಕ್ಸ್ ಅಂತೆ, ಅದಕ್ಕೆ ಒಳ್ಳೆ ಸಂಬಳ ಅಂತೆ. ಅದನ್ನೇ ತಗೋ ಅಂತ ನೀನಾದ್ರೂ ಒಂದು ಮಾತು ಹೇಳೋ. ನನ್ನ ಮಾತು ಕೇಳಲ್ಲ, ನಿನ್ನ ಮಾತು ಕೇಳ್ತಾಳೆ."

ಕೊನೆಯ ವಾಕ್ಯ ನಿಜ. ತೊಡಕೂ ಅಲ್ಲೇ ಇರೋದು. ನಿಮ್ಮ ಮಾತು ಕೇಳುವ ಹದಿನೆಂಟು ವರ್ಷದ ಒಬ್ಬಳಿಗೆ, ಅವಳ ಬದುಕಿನ ಬಗ್ಗೆ, ಬೇರೆಯವರ ಸಾಲದ ಪರವಾಗಿ ಮಾತಾಡುವುದು ಸಣ್ಣ ವಿಷಯ ಅಲ್ಲ.

ಹೇಳುವುದಕ್ಕೆ ಮುಂಚೆ ಅವಳು ಏನು ಮಾಡ್ತಿದಾಳೆ ನೋಡೋಣ ಅಂತ ಎರಡು ಭಾನುವಾರ ಅವಳ ಪಿಜಿಗೆ ಹೋಗಿ ಕೂತೆ. ಬಣ್ಣದ ವಾರಗಳಲ್ಲಿ ಅವಳು ಮಾಡಿದ್ದು ಹತ್ತು ಚೌಕ. ಮೊದಲನೆಯದು ಬಿಳಿ, ಹತ್ತನೆಯದು ಕಪ್ಪು, ಮಧ್ಯದ ಎಂಟು ಬೂದು, ಒಂದರಿಂದ ಒಂದಕ್ಕೆ ಸಮಾನ ಅಂತರ. ಕೇಳೋಕೆ ಸುಲಭ. ಐದನೆಯದು ಯಾವಾಗಲೂ ಆರನೆಯದಕ್ಕೆ ಅಂಟಿಕೊಂಡಿರುತ್ತೆ. ಒಣಗಿದ ಮೇಲೆ ಪೋಸ್ಟರ್ ಕಲರ್ ಬೇರೆಯೇ ಬಣ್ಣ ಆಗಿರುತ್ತೆ. ನಾಲ್ಕು ಹಾಳೆ ಬಿಸಾಕಿ ಐದನೇ ಹಾಳೆಯಲ್ಲಿ ಪಾಸಾದಳು.

ಅಕ್ಷರದ ವಾರದಲ್ಲಿ ಒಂದು ಕನ್ನಡ ವಾಕ್ಯವನ್ನು ಎರಡು ಸಾಲಿನಲ್ಲಿ ಕೈಯಲ್ಲೇ ಬರೆದು ಜೋಡಿಸಬೇಕಿತ್ತು. ಇಂಗ್ಲಿಷಿನ ಪಾಠ ಇಲ್ಲಿ ನಡೆಯಲ್ಲ. ಮೇಲಿನ ಸಾಲಿನ ಒತ್ತಕ್ಷರ ಇಳಿದು ಬಂದು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತೆ. ಜಾಗ ಜಾಸ್ತಿ ಬಿಟ್ಟರೆ ಸಾಲುಗಳು ಒಂದನ್ನೊಂದು ಬಿಟ್ಟು ಹೋಗ್ತವೆ. ನಾನು ಈ ಲಿಪಿಯನ್ನು ಮೂವತ್ತು ವರ್ಷದಿಂದ ಓದ್ತಿದೀನಿ, ಅದಕ್ಕೆ ಕೆಳಗಡೆ ಅಷ್ಟು ಜಾಗ ಬೇಕು ಅಂತ ಅವಳು ತೋರಿಸೋವರೆಗೂ ಕಂಡಿರಲಿಲ್ಲ.

ಮಗ್ಗದ ವಾರಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ನೇಯ್ಗೆಯೇ ಇಲ್ಲ, ಬರೀ ಹಾಸು ಹೂಡುವುದು. ಒಂದೊಂದು ಎಳೆಯನ್ನೂ ಲೆಕ್ಕ ಹಾಕಿ, ಅದರ ಕಣ್ಣಿಗೆ ಪೋಣಿಸಿ, ಬಿಗಿ ಸರಿಮಾಡಿ. ಆಮೇಲೆ ಲಾಳಿ ಓಡಿಸಿ ಹೊಕ್ಕು ತುಂಬುವುದು. 'ಹಾಸುಹೊಕ್ಕು' ಅನ್ನೋ ಮಾತನ್ನು ಮೀಟಿಂಗ್‌ಗಳಲ್ಲೂ ಬಳಸ್ತೀವಲ್ಲ, ಅದು ಇದು. ಒಂದು ಎಳೆ ತಪ್ಪು ಕಣ್ಣಿಗೆ ಹೋಗಿದ್ದರೆ ಇಡೀ ಬಟ್ಟೆಯುದ್ದಕ್ಕೂ ಒಂದು ಗೀರು. ಅದನ್ನು ಸರಿಮಾಡೋಕೆ ಕಂಟ್ರೋಲ್ ಝಡ್ ಇಲ್ಲ, ಬಿಚ್ಚಬೇಕು.

ಮಣ್ಣಿನ ವಾರದಲ್ಲಿ ಅವಳು ಮೂರು ಹೂಜಿ ಮಾಡಿದಳು. ಒಂದು ಒಣಗುವಾಗ ಬಿರುಕು ಬಿಟ್ಟಿತು. ಇನ್ನೊಂದರ ಗೋಡೆಯೊಳಗೆ ತೇವ ಉಳಿದಿತ್ತು, ಗೂಡಿನಲ್ಲಿ ಸಿಡಿದು ಪಕ್ಕದ ಹುಡುಗನ ಬಟ್ಟಲನ್ನೂ ಒಡೆಯಿತು. ಮೂರನೆಯದು ಬದುಕಿತು. ಅದನ್ನು ನನಗೆ ತೋರಿಸುವಾಗ ಅವಳ ಮುಖ ಬೇರೆ ಥರ ಇತ್ತು. ಅದನ್ನು ವಿವರಿಸೋಕೆ ಹೋಗಲ್ಲ.

ಶನಿವಾರದ ವರ್ಕ್‌ಶಾಪಿಗೂ ಇದಕ್ಕೂ ವ್ಯತ್ಯಾಸ ನನಗೆ ಸ್ಪಷ್ಟವಾಗಿದ್ದು ಇಲ್ಲಿ. ವರ್ಕ್‌ಶಾಪಿನಲ್ಲಿ ಮಣ್ಣು ನಿಮಗೆ ಇಲ್ಲ ಅನ್ನಲ್ಲ. ಅನ್ನದ ಹಾಗೆ ಅವರು ನೋಡಿಕೊಂಡಿರುತ್ತಾರೆ. ಕಷ್ಟದ ಭಾಗ ಮುಂಚೆಯೇ ಮುಗಿದಿರುತ್ತೆ, ಸೊಟ್ಟ ಮಗ್ಗಿಗೂ ಚಪ್ಪಾಳೆ ಬೀಳುತ್ತೆ. ಫೌಂಡೇಶನ್‌ನಲ್ಲಿ ಪ್ರತಿ ವಸ್ತುವೂ ಇಲ್ಲ ಅನ್ನುತ್ತೆ, ಆಮೇಲೆ ಜ್ಯೂರಿಯಲ್ಲಿ ಕೂತ ಮೇಷ್ಟ್ರೂ ಇಲ್ಲ ಅಂತಾರೆ, ಎಲ್ಲರ ಎದುರಿಗೇ. ರುಚಿ ನೋಡುವುದು ಎರಡೂ ಕಡೆ ಒಂದೇ. ಒಂದು ಕಡೆ ಮಾತ್ರ ರುಚಿಯೂ ನಿಮ್ಮನ್ನು ನೋಡುತ್ತೆ. ಕೀರ್ಕೆಗಾರ್ಡನ ರಸಿಕ ಬೆಳೆ ಬದಲಿಸಿದ್ದು ಬೇಸರಕ್ಕೆ. ಈ ಮಕ್ಕಳು ಒಂದು ವಸ್ತುವಿನ ಹತ್ತಿರ ಸೋಲೋಕೆ ಶುರುಮಾಡಿ, ಸೋಲು ಸ್ವಲ್ಪ ಕಡಿಮೆಯಾಗುವ ಹೊತ್ತಿಗೆ ಇನ್ನೊಂದರ ಹತ್ತಿರ ಮೊದಲಿಂದ ಸೋಲ್ತಾರೆ. ಅದನ್ನು ಶೋಕಿ ಅನ್ನೋಕೆ ನನಗೆ ಬಾಯಿ ಬರಲ್ಲ.

ನಮ್ಮ ನಾಡಿನ ಮಟ್ಟಿಗೆ ಇದರಲ್ಲಿ ಇನ್ನೂ ಒಂದು ವಿಷಯ ಇದೆ, ಅದರ ಬಗ್ಗೆ ಯಾಕೆ ಯಾರೂ ಮಾತಾಡಲ್ಲ ಅಂತ ಆಶ್ಚರ್ಯ. ಮಣ್ಣು ಕುಂಬಾರರದ್ದು, ಮಗ್ಗ ನೇಕಾರರದ್ದು. ವಿಶ್ವಕರ್ಮರ ಪಂಚ ಕಸುಬು ಅಂತ ಹೇಳುವಾಗಲೂ ಕಬ್ಬಿಣ, ಮರ, ಕಂಚು, ಕಲ್ಲು, ಚಿನ್ನ, ಎಲ್ಲವೂ ಹುಟ್ಟಿನಿಂದ ಬಂದದ್ದೇ. ಯಾವ ವಸ್ತುವನ್ನು ನಿನ್ನ ಕೈ ಮುಟ್ಟಬಹುದು ಅನ್ನೋದು ನೀನು ಹುಟ್ಟುವ ಮೊದಲೇ ತೀರ್ಮಾನ. ಹನ್ನೆರಡನೇ ಶತಮಾನದ ಶರಣರು ಕಾಯಕಕ್ಕೆ ಘನತೆ ಕೊಟ್ಟರು, ಎಲ್ಲ ಕೆಲಸವನ್ನೂ ಸಮ ಅಂದರು, ಅದು ಸಣ್ಣ ಮಾತಲ್ಲ. ಆದರೂ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ಕುಂಬಾರ ಗುಂಡಯ್ಯ ಅಂತ ನಾವು ಇವತ್ತಿಗೂ ಅವರನ್ನು ಕರೆಯೋದು ಕಸುಬಿನ ಹೆಸರು ಹಿಡಿದೇ. ಮಾಡುವ ಕೆಲಸಕ್ಕೆ ಮರ್ಯಾದೆ ಸಿಗೋದು ಒಂದು. ಯಾವ ಕೆಲಸ ಅಂತ ಆರಿಸಿಕೊಳ್ಳೋಕೆ ಸಿಗೋದು ಇನ್ನೊಂದು. ಮೊದಲನೆಯದು ಸಿಕ್ಕರೆ ಎರಡನೆಯದು ತಾನಾಗೇ ಬರಲ್ಲ. ಒಂದೇ ಹುಡುಗಿಯ ಕೈ ಒಂದೇ ವರ್ಷದಲ್ಲಿ ಮಣ್ಣು, ಮಗ್ಗ, ಮರ, ಲೋಹ ಎಲ್ಲವನ್ನೂ ಮುಟ್ಟಿ, ಸಾಯಂಕಾಲ ಕೈ ತೊಳೆದು ಚಪಾತಿ ತಿಂದು ಮಲಗೋದು, ಈ ಮಣ್ಣಿನಲ್ಲಿ ಅಷ್ಟು ಸಲೀಸಾಗಿ ಬಂದ ದೃಶ್ಯ ಅಲ್ಲ.

ಇಷ್ಟು ಹೇಳಿ ಬಿಟ್ಟುಬಿಟ್ಟರೆ ಸುಖವಾಗಿರುತ್ತಿತ್ತು. ಆದರೆ ಅವರನ್ನು ಒಮ್ಮೆ ಚನ್ನಪಟ್ಟಣಕ್ಕೆ ಕರೆದುಕೊಂಡು ಹೋಗಿದ್ದರು, ಮೂರು ದಿನ, ಕರಕುಶಲ ದಾಖಲಾತಿ ಅಂತ. ಅಲ್ಲಿ ಆಲೆ ಮರದ ತುಂಡನ್ನು ಲೇತಿಗೆ ಹಾಕಿ ತಿರುಗಿಸುತ್ತಾ, ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತೆ, ಮೇಲೆ ಗರಿ ಒತ್ತಿ ಹಿಡಿದರೆ ಹೊಳಪು. ತಂಗಿ ಅದನ್ನು ಹೇಳುವಾಗ ಕೈ ಸನ್ನೆಯಲ್ಲಿ ಹೇಳ್ತಾಳೆ, ಅಷ್ಟು ಹಿಡಿಸಿದೆ. ಅವಳಿಗೆ ಒಂದು ಬುಗುರಿ ಮಾಡಿಸಿದ ಹಿರಿಯರೊಬ್ಬರು ಸಣ್ಣ ಹುಡುಗನಾಗಿದ್ದಾಗ ಆ ಲೇತಿನ ಮುಂದೆ ಕೂತವರು. ಅವರ ಮಗ ಬೆಂಗಳೂರಲ್ಲಿ ಕ್ಯಾಬ್ ಓಡಿಸ್ತಾನೆ. ಅವಳು ಕೇಳಿದಳಂತೆ, ಮಗ ಈ ಕೆಲಸಕ್ಕೆ ಬರಲಿಲ್ಲ ಅಂತ ಬೇಜಾರಿಲ್ವಾ ತಾತ ಅಂತ. ಅವರು ಹೇಳಿದ್ದು: "ನೀನು ಇಲ್ಲಿಗೆ ಬಂದಂಗೆ ಅವನು ಅಲ್ಲಿಗೆ ಹೋದ ಕಣವ್ವ."

ನಾನು ಈ ಮಾತನ್ನು ಬಹಳ ದಿನ ಇಟ್ಟುಕೊಂಡಿದ್ದೆ. ಅದು ಉದಾರವಾದ ಮಾತು, ಆದರೆ ಪೂರ್ತಿ ನಿಜ ಅಲ್ಲ ಅನ್ಸುತ್ತೆ. ಅವಳು ಮೂರು ದಿನದ ನೆಂಟಳು. ಅವಳ ಹಿಂದೆ ಮನೆ ಪತ್ರ ಇಟ್ಟ ಅಪ್ಪ ಇದ್ದಾರೆ, ಬುಗುರಿ ಸೊಟ್ಟಗಾದರೆ ಊಟ ತಪ್ಪಲ್ಲ. ಕ್ಯಾಬ್ ಓಡಿಸುವ ಹುಡುಗನಿಗೆ ಏನೂ ಆಗದೆ ಇರೋಕೆ ಒಂದು ವರ್ಷ ಯಾರೂ ಕೊಡಲಿಲ್ಲ. ಆರಂಭಿಕ ಆಗಿರುವುದು ಒಂದು ಸೌಲಭ್ಯ. ಹಾಗಂತ ಅದನ್ನು ಅನುಭವಿಸುವವರು ತಲೆ ತಗ್ಗಿಸಿಕೊಂಡು ಓಡಾಡಬೇಕು ಅನ್ನೋದರಲ್ಲಿ ನನಗೆ ನಂಬಿಕೆ ಇಲ್ಲ. ತಲೆ ತಗ್ಗಿಸಿದರೆ ಆ ಹುಡುಗನಿಗೆ ಲಾಭ ಏನು? ಆದರೆ ಒಂದು ಋಣ ಅಂತೂ ಇದೆ. ಮೂರು ದಿನ ನೋಡಿದ ಕೆಲಸವನ್ನು ಮೂರು ದಿನ ನೋಡಿದೆ ಅಂತಲೇ ಹೇಳಬೇಕು. ಆ ತಾತನ ಅರಗಿನ ಬಣ್ಣವನ್ನು ಎತ್ತಿಕೊಂಡು 'ನನ್ನ ಕಲೆಕ್ಷನ್' ಅಂತ ಹೆಸರಿಡಬಾರದು. ಲಿಂಕ್ಡ್‌ಇನ್‌ನಲ್ಲಿ ತಮ್ಮನ್ನು ಮಲ್ಟಿಡಿಸಿಪ್ಲಿನರಿ ಅಂತ ಕರೆದುಕೊಳ್ಳುವ ಎಷ್ಟೋ ಜನರನ್ನು ನೋಡಿದಾಗ ನನಗೆ ಕೇಳಬೇಕು ಅನ್ಸೋದು ಇದೇ: ಇದರಲ್ಲಿ ಯಾವುದು ನಿಮ್ಮನ್ನು ಸೋಲಿಸಿದೆ?

ಇನ್ನು ಆಯ್ಕೆಯ ಪ್ರಶ್ನೆ. ಅಮೆರಿಕದ ತತ್ವಶಾಸ್ತ್ರಜ್ಞೆ ಎಲ್. ಎ. ಪಾಲ್ 2014ರ ತಮ್ಮ ಪುಸ್ತಕದಲ್ಲಿ ಒಂದು ಒಳ್ಳೆ ಕಗ್ಗಂಟು ಇಡುತ್ತಾರೆ. ಕೆಲವು ಅನುಭವಗಳು ನಮ್ಮನ್ನೇ ಬದಲಿಸುತ್ತವೆ. ತಾಯಿಯಾದ ಮೇಲೆ ಬೇಕು ಅನ್ನಿಸೋದು ಏನು ಅಂತ ತಾಯಿಯಾಗುವ ಮುಂಚೆ ತಿಳಿಯಲ್ಲ. ಹಾಗಿದ್ದರೆ ಇವತ್ತಿನ ನಾನು ನಾಳಿನ ಆ ಇನ್ನೊಬ್ಬಳ ಪರವಾಗಿ ಲೆಕ್ಕ ಹಾಕಿ ಆರಿಸುವುದು ಹೇಗೆ? ಹದಿನೆಂಟಕ್ಕೆ ಫಾರ್ಮ್ ತುಂಬುವ ಎಲ್ಲರ ಕಗ್ಗಂಟೂ ಇದೇ. ನಾವು ಇಂಜಿನಿಯರಿಂಗ್ ತಗೊಂಡವರಿಗೆ ಸಿಇಟಿ ರ‍್ಯಾಂಕು ಆ ಕಷ್ಟ ಉಳಿಸಿತು, ಅಷ್ಟೆ. ಫೌಂಡೇಶನ್ ವರ್ಷ ಈ ಕಗ್ಗಂಟನ್ನು ಪೂರ್ತಿ ಬಿಡಿಸಲ್ಲ. ಮೂರು ವಾರ ಮಣ್ಣಲ್ಲಿದ್ದವಳಿಗೆ ಮೂವತ್ತು ವರ್ಷ ಮಣ್ಣಲ್ಲಿರೋದು ಏನು ಅಂತ ಗೊತ್ತಾಗಲ್ಲ. ಆದರೆ ಗಾಳಿಯಲ್ಲಿ ಊಹಿಸುವ ಬದಲು ಕೈಯಲ್ಲಿ ಸ್ವಲ್ಪ ಸಾಕ್ಷಿ ಇಟ್ಟುಕೊಂಡು ಊಹಿಸಬಹುದು.

ಆಯ್ಕೆ ಅಷ್ಟು ಮುಖ್ಯವೇ ಅಂತ ಕೇಳುವವರು ಆನಿ ಆಲ್ಬರ್ಸ್ ಹೆಸರು ಹೇಳ್ತಾರೆ. ಆಕೆ 1922ರಲ್ಲಿ ಬೌಹೌಸಿಗೆ ಬಂದಾಗ ಆಸೆ ಇದ್ದದ್ದು ಗಾಜಿನ ಕೆಲಸದ ಮೇಲೆ. ಹೆಣ್ಣುಮಕ್ಕಳನ್ನು ಆ ಶಾಲೆ ಹೆಚ್ಚಾಗಿ ಮಗ್ಗದ ಕಡೆಗೇ ತಳ್ಳುತ್ತಿತ್ತು. ಹೊಸ ಲೋಕ ಕಟ್ತೀವಿ ಅಂದವರ ಹಣೆಬರಹ ಅದು. ಮನಸ್ಸಿಲ್ಲದೆ ಮಗ್ಗಕ್ಕೆ ಕೂತ ಆಕೆ 1949ರ ಹೊತ್ತಿಗೆ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಒಂಟಿ ಪ್ರದರ್ಶನ ಕಂಡ ಮೊದಲ ಜವಳಿ ವಿನ್ಯಾಸಕಿ. ನೋಡಿ, ಬೇಡದ್ದನ್ನು ಕೊಟ್ಟರೂ ಅರಳಿದಳು ಅಂತಾರೆ. ನನಗೆ ಈ ವಾದ ಹಿಡಿಸಲ್ಲ. ಫಲ ಚೆನ್ನಾಗಿ ಬಂತು ಅಂತ ತಳ್ಳಿದ್ದು ನ್ಯಾಯ ಆಗಲ್ಲ. ಆನಿ ಆಲ್ಬರ್ಸ್ ಒಬ್ಬರ ಹೆಸರು ನಮಗೆ ಗೊತ್ತು. ಹಾಗೆ ತಳ್ಳಿಸಿಕೊಂಡು ಅರಳದವರ ಹೆಸರು ಯಾರ ಬಾಯಲ್ಲೂ ಇಲ್ಲ.

ಬಿಟ್ಟ ವಿದ್ಯೆಗಳ ಗತಿ ಏನು ಅನ್ನೋದು ಚಿಕ್ಕಪ್ಪನ ಇನ್ನೊಂದು ಸಂಕಟ. ಹತ್ತು ಕಲಿತು ಒಂಬತ್ತು ಬಿಟ್ಟರೆ ಒಂಬತ್ತರ ದುಡ್ಡು ನಷ್ಟ ತಾನೆ? ವ್ಯಾಪಾರಿಯ ಲೆಕ್ಕ, ತಪ್ಪಿಲ್ಲ. ಅವರಿಗೆ ನಾನು ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರ ಕಥೆ ಹೇಳಿದೆ. ಚಿತ್ರಕಾರರಾಗಿದ್ದೂ ಕಥಕ್ ಕಲಿತರು. ವೇದಿಕೆ ಹತ್ತೋಕೆ ಅಲ್ಲ, ಲಯ ಮೈಗೆ ಬರಲಿ ಅಂತ. ಅವರ ರೇಖಾಚಿತ್ರಗಳನ್ನು ನೋಡಿದವರಿಗೆ ಆ ಹೆಜ್ಜೆ ಎಲ್ಲಿಗೆ ಹೋಯಿತು ಅಂತ ಗೊತ್ತಾಗುತ್ತೆ. ನಮ್ಮ ಕೆ. ವೆಂಕಟಪ್ಪನವರು ಹೆಸರಾಂತ ಚಿತ್ರಕಾರರಾದ ಮೇಲೆ ವೀಣೆ ಶೇಷಣ್ಣನವರ ಮುಂದೆ ಶಿಷ್ಯರಾಗಿ ಕೂತರು. ಶಾಂತಿನಿಕೇತನದ ಬಿನೋದ್ ಬಿಹಾರಿ ಮುಖರ್ಜಿ ಐವತ್ತರ ದಶಕದಲ್ಲಿ ಪೂರ್ತಿ ಕಣ್ಣು ಕಳೆದುಕೊಂಡರು, ಆಮೇಲೂ ಬಣ್ಣದ ಕಾಗದ ಕತ್ತರಿಸಿ ಅಂಟಿಸಿ ಚಿತ್ರ ಮಾಡಿದರು, ಗೋಡೆಗೆ ಟೈಲ್ಸ್ ಭಿತ್ತಿ ಮಾಡಿದರು. ಸತ್ಯಜಿತ್ ರಾಯ್ 1972ರಲ್ಲಿ ಅವರ ಬಗ್ಗೆ ತೆಗೆದ ಸಾಕ್ಷ್ಯಚಿತ್ರ ಸಿಕ್ಕರೆ ನೋಡಿ. ಚಿಕ್ಕಪ್ಪ ಎಲ್ಲ ಕೇಳಿ, "ಅವರೆಲ್ಲ ದೊಡ್ಡವರು ಕಣಪ್ಪ" ಅಂದರು. ಅದೂ ಸರಿಯೇ. ದೊಡ್ಡವರ ಕಥೆ ಹೇಳಿ ಬ್ಯಾಂಕಿನ ಕಂತು ಕಟ್ಟೋಕಾಗಲ್ಲ.

ಆದ್ದರಿಂದ ಕಂತಿನ ಮಾತಿಗೇ ಬಂದೆ. ಯುಎಕ್ಸ್ ತಗೋ ಅಂತ ನಾನು ಅವಳಿಗೆ ಹೇಳಲ್ಲ, ಮಣ್ಣು ತಗೋ ಅಂತಲೂ ಹೇಳಲ್ಲ ಅಂತ ಚಿಕ್ಕಪ್ಪನಿಗೆ ಸ್ಪಷ್ಟವಾಗಿ ಹೇಳಿದೆ. ಎರಡರ ಸಂಬಳ ಎಷ್ಟಿರಬಹುದು, ಸೆರಾಮಿಕ್ ಓದಿದವರು ಯಾವ್ಯಾವ ಕಡೆ ಕೆಲಸ ಮಾಡ್ತಾರೆ, ಟೈಲ್ಸ್ ಕಂಪನಿಯಿಂದ ಹಿಡಿದು ಸ್ವಂತ ಸ್ಟುಡಿಯೋವರೆಗೆ, ಮೊದಲ ಐದು ವರ್ಷ ಎಷ್ಟು ಕಷ್ಟ, ಇಷ್ಟನ್ನೂ ಅವಳಿಗೆ ಮುಚ್ಚಿಡದೆ ಹೇಳ್ತೀನಿ. ಸಾಲ ಎಷ್ಟಿದೆ ಅನ್ನೋದನ್ನೂ. ಅವಳಿಗೆ ಗೊತ್ತಿರಬೇಕು, ಅವಳು ಮಗು ಅಲ್ಲ. ಆದರೆ ಸಾಲವೇ ಕೂತು ಫಾರ್ಮ್ ತುಂಬಬಾರದು. ಅವಳು ಯಾವುದು ಬರೆದರೂ, ಓದು ಮುಗಿದ ಮೇಲೆ ಮೊದಲ ಎರಡು ವರ್ಷದ ಕಂತಿನಲ್ಲಿ ಅರ್ಧ ನನ್ನದು ಅಂದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಅಂಗಡಿಯಲ್ಲಿ ಯಾರೋ ಮೂಟೆ ಇಳಿಸುವ ಸದ್ದು. ಆಮೇಲೆ, "ಅರ್ಧ ಗಿರ್ಧ ಎಲ್ಲ ಬೇಡ. ಹಂಗೆ ಅಂದೆ ಅಂತ ಅವಳ ಹತ್ರ ಹೇಳ್ಬೇಡ, ನಿಂಗೆ ಋಣದಲ್ಲಿರೋ ಥರ ಆಗುತ್ತೆ ಅವಳಿಗೆ" ಅಂದರು. ಇನ್ನೇನು ಫೋನ್ ಇಡ್ತಾರೆ ಅನ್ನುವಾಗ ಕೇಳಿದರು:

"ಅಲ್ಲ, ಆ ಮಣ್ಣು ಸುಡೋ ಗೂಡು ಅಂತಾರಲ್ಲ, ಕರೆಂಟಿಂದು, ಅದು ಒಂದಕ್ಕೆ ಎಷ್ಟಾಗುತ್ತೆ? ತ್ರೀ ಫೇಸ್ ಬೇಕಾ ಅದಕ್ಕೆ?"

ವಿಚಾರಿಸಿ ಹೇಳ್ತೀನಿ ಚಿಕ್ಕಪ್ಪ ಅಂದೆ.